ಸಡಿಲಕ್ಕೂ ಒಂದು ಅಳತೆ

ಯಂತ್ರವೆಂದರೆ ಬಿಗಿ, ಬಿಗಿಯೆಂದರೆ ಭದ್ರ ಎಂಬ ನಂಬುಗೆಯು ನಮ್ಮ ಜನದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮೋಟಾರ್ ಸೈಕಲ್ಲಿನ ಹಿಂಬದಿಯಿಂದ ಚೈನಿನ ಟಪಟಪ ಸದ್ದು ತುಸು ಕೇಳಿಸಿದೊಡನೆಯೇ ಸವಾರನು ಅದನ್ನು ತನ್ನ ಮರ್ಯಾದೆಯ ಪ್ರಶ್ನೆಯೆಂದು ಭಾವಿಸಿ, ದಾರಿಯಲ್ಲಿ ಸಿಕ್ಕ ಮೊದಲನೆಯ ಅಂಗಡಿಯೆದುರು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ, ಸದ್ದು ಅಡಗುವವರೆಗೂ ಚೈನನ್ನು ಎಳೆಯಿಸಿಬಿಡುತ್ತಾನೆ. ಡಾಂಬರು ರಸ್ತೆಯಲ್ಲಿಯೇ ಓಡಾಡುವವನಿಗೆ ಈ ಅವಿವೇಕದ ದಂಡವು ಕಂತುಕಂತಾಗಿ ವಸೂಲಾಗುತ್ತದೆ. ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಬಂಡಿಜಾಡುಗಳಲ್ಲಿ ಗಾಡಿ ಓಡಿಸುವವನಿಗಾದರೋ ಬಡ್ಡಿಸಮೇತ ಅಂದಂದೇ ವಸೂಲಾಗುತ್ತದೆ. ಆದುದರಿಂದ ಈ ವಾರದ ಅಂಕಣವನ್ನು ಚೈನಿನಲ್ಲಿ ಉದ್ದೇಶಪೂರ್ವಕವಾಗಿ ಉಳಿಸತಕ್ಕ ಸಡಿಲದ ವಿಚಾರಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ನೆಲದ ಮಾತು. ಬಳ್ಳಾರಿಯ ಕಡೆಯಿಂದ ರಾಂಪುರ, ಹಾನಗಲ್, ತಳಕುಗಳನ್ನು ಹಾದು ಚಳ್ಳಕೆರೆಗೆ ಬಂದು ಹಿರಿಯೂರಿನತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯಿಂದ ಎಡಕ್ಕಾಗಲಿ ಬಲಕ್ಕಾಗಲಿ ಇಳಿದವನಿಗೆ, ಕೆಲವೇ ಹರದಾರಿಗಳೊಳಗೆ ನಾಲ್ಕು ಬಗೆಯ ನೆಲವು ಎದುರಾಗುತ್ತದೆ: ಶೇಂಗಾ ಬೆಳೆಯುವ ಕೆಂಪು ಮಸಾರಿಯ ಮರಳುಮಿಶ್ರಿತ ಹೊಲ, ಬೇಸಗೆಯಲ್ಲಿ ಬಿರುಕುಬಿಟ್ಟು ಮಳೆಗಾಲದಲ್ಲಿ ಗಾಲಿಯನ್ನು ಹಿಡಿದುಕೊಳ್ಳುವ ಎರೆ, ವೇದಾವತಿಯ ಒಣಗಿದ ಪಾತ್ರದ ಸಡಿಲ ಮರಳು, ಮತ್ತು ಮೊಳಕಾಲ್ಮೂರಿನ ಕಡೆಯ ಕಲ್ಲುಗುಡ್ಡಗಳ ಬುಡದ ನೊರಜು. ಮಳೆಯ ವಿಷಯದಲ್ಲಿ ರಾಜ್ಯದ ಅತ್ಯಂತ ಬಡ ಪ್ರದೇಶಗಳಲ್ಲೊಂದಾದ ಈ ಸೀಮೆಯಲ್ಲಿ ವರ್ಷದ ಬಹುಭಾಗ ಧೂಳೇ ಋತುಧರ್ಮ. ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳೂ ಈ ಸೀಮೆಯಲ್ಲಿಯೇ ಇವೆ. ಈ ಪುರಾತನ ಸ್ಥಳಗಳನ್ನು ನೋಡುವ ನೆಪದಲ್ಲಿ ಗುಂಡುಬಂಡೆಗಳ ನಡುವಣ ಹಾದಿಗಳಲ್ಲಿ ಗಾಡಿಯನ್ನು ಓಡಿಸಿದವನ ಹಿಂದಿನ ಗಾಲಿಯು ಒಂದು ಫರ್ಲಾಂಗಿನೊಳಗೆ ಎಷ್ಟು ಸಲ ಏರಿ ಎಷ್ಟು ಸಲ ಇಳಿಯುತ್ತದೆಂಬುದನ್ನು ಲೆಕ್ಕವಿಡುವುದು ಅಸಾಧ್ಯ. ಆ ಏರಿಳಿತಕ್ಕೂ ಚೈನಿಗೂ ಇರುವ ಸಂಬಂಧವೇ ನಮ್ಮ ಪ್ರಕೃತ ವಿಷಯ.

ಬೀದಿಯಿಲ್ಲದ ಹಾದಿಯ ವಾಹನವೆಂದೊಡನೆ ಪಟ್ಟಣದ ವಾಚಕರ ಕಣ್ಣಿಗೆ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ ಮೊದಲಾದ ಎತ್ತರದ ಗಾಡಿಗಳು ಕಟ್ಟುವುದು ಸಹಜ. ಆದರೆ 1980ರಲ್ಲಿ ಹೊಸೂರಿನಲ್ಲಿ ಹುಟ್ಟಿದ ಟಿ.ವಿ.ಎಸ್. 50ರ ವಂಶಕ್ಕೆ ಸೇರಿದ ಎಕ್ಸೆಲ್ ಗಾಡಿಯು, ಹಿಂದೊಂದು ಮುಂದೊಂದು ಶೇಂಗಾ ಮೂಟೆ, ಪಕ್ಕಕ್ಕೆ ಹಾಲಿನ ಕ್ಯಾನು, ಇವೆಲ್ಲದರ ಮೇಲೆ ಹೊಟ್ಟಿನ ಪಿಂಡಿಯನ್ನು ಹೊತ್ತುಕೊಂಡು ಹೊಲದ ಬದುವನ್ನು ದಾಟುವುದನ್ನು ಕಂಡವರು, ಈ ಸೀಮೆಯ ನಿಜವಾದ ಕಾಡುಮೇಡಿನ ವಾಹನ ಯಾವುದೆಂಬ ವಿಷಯದಲ್ಲಿ ನನ್ನೊಡನೆ ವಾದಿಸಲಾರರು. ಬೆಲೆಯಲ್ಲಿಯೂ ಬೆಡಗಿನಲ್ಲಿಯೂ ಇವುಗಳಿಗೆ ಅಜಗಜಾಂತರವಿದ್ದರೂ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಚೈನಿನ ಧರ್ಮವು ಎಲ್ಲದರಲ್ಲಿಯೂ ಒಂದೇ.

ಆ ಧರ್ಮವನ್ನು ಅರಿಯಲು ಗಾಡಿಯ ಪಕ್ಕದಲ್ಲಿ ಕುಳಿತು ಮೂರು ಬಿಂದುಗಳನ್ನು ಗುರುತಿಸಿಕೊಳ್ಳಬೇಕು. ಎಂಜಿನ್ನಿನ ಬಳಿಯ ಚಿಕ್ಕ ಸ್ಪ್ರಾಕೆಟ್ಟಿನ ನಡುಬಿಂದು ಒಂದು. ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಯಾವ ಕೀಲಿನ ಮೇಲೆ ಆಡುತ್ತದೆಯೋ ಆ ಕೀಲು ಎರಡನೆಯದು. ಗಾಲಿಯ ಆಕ್ಸಲ್ ಮೂರನೆಯದು. ಸಾಮಾನ್ಯವಾದ ಗಾಡಿಗಳಲ್ಲಿ ಚಿಕ್ಕ ಸ್ಪ್ರಾಕೆಟ್ಟು ಕೀಲಿಗಿಂತ ತುಸು ಮುಂದಿರುತ್ತದೆ. ಗಾಲಿಯು ಕೀಲನ್ನು ಕೇಂದ್ರವಾಗಿಟ್ಟುಕೊಂಡು ಏರಿಳಿಯುವುದರಿಂದ ಕೀಲಿಗೂ ಆಕ್ಸಲ್ಲಿಗೂ ಇರುವ ಅಂತರವು ಎಂದಿಗೂ ಬದಲಾಗುವುದಿಲ್ಲ. ಆದರೆ ಸ್ಪ್ರಾಕೆಟ್ಟಿಗೂ ಆಕ್ಸಲ್ಲಿಗೂ ಇರುವ ಅಂತರವು ಕ್ಷಣಕ್ಷಣಕ್ಕೂ ಬದಲಾಗುತ್ತ, ಈ ಮೂರು ಬಿಂದುಗಳು ಒಂದೇ ಸರಳರೇಖೆಯ ಮೇಲೆ ಬಂದಾಗ ಅತ್ಯಧಿಕವಾಗುತ್ತದೆ. ಅಂತರ ಹೆಚ್ಚಿದಾಗ ಚೈನು ಬಿಗಿಯಾಗಲೇಬೇಕು. ಗಾಡಿಯು ಸ್ಟ್ಯಾಂಡಿನ ಮೇಲೆ ನಿಂತಿರುವಾಗ ಹಿಂದಿನ ಗಾಲಿಯು ಕೆಳಕ್ಕೆ ಜೋತುಬಿದ್ದಿರುತ್ತದೆಯಾದ್ದರಿಂದ ಮೂರು ಬಿಂದುಗಳು ಬಾಗಿದ ರೇಖೆಯಲ್ಲಿರುತ್ತವೆ, ಚೈನು ಸಡಿಲವಾಗಿ ಕಾಣುತ್ತದೆ. ಅದೇ ಗಾಡಿಯ ಮೇಲೆ ಇಬ್ಬರು ಕುಳಿತು, ಹಳ್ಳದ ದಡದಿಂದ ಧೊಪ್ಪನೆ ಇಳಿದಾಗ ಗಾಲಿಯು ಮೇಲೆದ್ದು ಆ ಸರಳರೇಖೆಯನ್ನು ಮುಟ್ಟುತ್ತದೆ. ಸ್ಟ್ಯಾಂಡಿನ ಮೇಲೆ ಕಂಡ ಸಡಿಲವೆಲ್ಲವೂ ನೆಲವು ಮುಂದೆ ಬಂದು ತೆಗೆದುಕೊಳ್ಳತಕ್ಕ ಬಾಕಿ. ಆ ಬಾಕಿಯನ್ನು ಅಂಗಡಿಯಲ್ಲಿಯೇ ತೀರಿಸಿ ಬಂದವನ ಬಳಿಯಲ್ಲಿ ಹಳ್ಳದಲ್ಲಿ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಕಾಡುಮೇಡಿನ ಗಾಡಿಗೆ ರಸ್ತೆಯ ಗಾಡಿಗಿಂತ ಹೆಚ್ಚು ಸಡಿಲ ಬೇಕೆನ್ನುವುದಕ್ಕೆ ಇದೇ ಕಾರಣ. 2016ರ ಹಿಮಾಲಯನ್ನಿನ ಹಿಂದಿನ ಗಾಲಿಯು 180 ಮಿಲಿಮೀಟರು, 2019ರ ಎಕ್ಸ್‌ಪಲ್ಸಿನದು 170 ಮಿಲಿಮೀಟರು ಏರಿಳಿಯಬಲ್ಲುದು. ಏರಿಳಿತ ದೊಡ್ಡದಾದಷ್ಟೂ ಚೈನಿನ ಬಿಗಿ-ಸಡಿಲಗಳ ಅಂತರವೂ ದೊಡ್ಡದು. ಸಾಧಾರಣ ರಸ್ತೆಯ ಗಾಡಿಗಳಿಗೆ 20ರಿಂದ 30 ಮಿಲಿಮೀಟರಿನ ಸಡಿಲವು ಸಾಕೆನಿಸಿದರೆ, ಉದ್ದ ಸಸ್ಪೆನ್ಷನ್ನಿನ ಗಾಡಿಗಳಿಗೆ 35ರಿಂದ 50 ಮಿಲಿಮೀಟರು ಬೇಕಾಗುವುದುಂಟು. ಈ ತೊಡಕನ್ನು ಬುಡದಲ್ಲಿಯೇ ಕೀಳುವ ಉದ್ದೇಶದಿಂದ ಬಿ.ಎಂ.ಡಬ್ಲ್ಯು. ಕಂಪನಿಯು 2008ರಲ್ಲಿ ಹೊರತಂದ ಜಿ 450 ಎಕ್ಸ್ ಎಂಬ ಗಾಡಿಯಲ್ಲಿ ಸ್ಪ್ರಾಕೆಟ್ಟನ್ನೂ ಸ್ವಿಂಗ್ ಆರ್ಮಿನ ಕೀಲನ್ನೂ ಒಂದೇ ಅಕ್ಷದ ಮೇಲೆ ಕೂರಿಸಿತು. ಗಾಲಿ ಎಲ್ಲಿದ್ದರೂ ಚೈನಿನ ಬಿಗಿ ಬದಲಾಗದಂತಾಯಿತು. ಆದರೆ ಚಿಕ್ಕ ಸ್ಪ್ರಾಕೆಟ್ಟನ್ನು ಬದಲಿಸಬೇಕಾದವನು ಸ್ವಿಂಗ್ ಆರ್ಮನ್ನೇ ಕಳಚಬೇಕಾಗಿ ಬಂದಿತು. ಕೆಲವೇ ವರ್ಷಗಳಲ್ಲಿ ಆ ಗಾಡಿಯ ತಯಾರಿಕೆ ನಿಂತುಹೋಯಿತು. ಸಡಿಲವನ್ನು ನಿರ್ಮೂಲ ಮಾಡುವುದಕ್ಕಿಂತ ಅದನ್ನು ಅಳೆದು ಇಟ್ಟುಕೊಳ್ಳುವುದೇ ಲೇಸೆಂದು ಉಳಿದ ತಯಾರಕರಲ್ಲಿ ಬಹುಪಾಲು ಮಂದಿ ಇಂದಿಗೂ ನಂಬಿದ್ದಾರೆ.

ಹೆದ್ದಾರಿಯ ಬದಿಯ ಮೆಕ್ಯಾನಿಕ್ ಒಬ್ಬರು ಈ ಸಿದ್ಧಾಂತವನ್ನು ರೇಖಾಗಣಿತದ ಹಂಗಿಲ್ಲದೆಯೇ ಹೇಳಿಬಿಟ್ಟಿದ್ದರು: “ಬಿಗಿ ಮಾಡಿದ್ರೆ ಸದ್ದು ನಿಲ್ತದೆ ಸಾಮಿ, ಆಮ್ಯಾಕೆ ಗಾಡೀನೂ ನಿಲ್ತದೆ.” ಅವರ ಮಾತಿನ ಹಿಂದಿರುವ ಕಾರಣಪರಂಪರೆ ಹೀಗಿದೆ. ಅತಿಬಿಗಿಯಾದ ಚೈನು, ಗಾಲಿಯು ಮೇಲೇರುವ ದಾರಿಯಲ್ಲಿ ಅದನ್ನು ತಡೆದು ನಿಲ್ಲಿಸುತ್ತದೆ. ಶಾಕ್ ಅಬ್ಸಾರ್ಬರು ನುಂಗಬೇಕಾಗಿದ್ದ ಹೊಡೆತವು ಎಂಜಿನ್ನಿನ ಚಿಕ್ಕ ಸ್ಪ್ರಾಕೆಟ್ಟಿನ ಶಾಫ್ಟಿನ ಮೇಲೂ, ಅದರ ಬೇರಿಂಗಿನ ಮೇಲೂ, ಹಿಂದಿನ ಗಾಲಿಯ ಬೇರಿಂಗಿನ ಮೇಲೂ ಬೀಳುತ್ತದೆ. ಮೊದಲು ಚಿಕ್ಕ ಸ್ಪ್ರಾಕೆಟ್ಟಿನ ಹಿಂದಿನ ಆಯಿಲ್ ಸೀಲು ಜಿನುಗಲಾರಂಭಿಸುತ್ತದೆ, ತರುವಾಯ ಬೇರಿಂಗು ಗೊರಗೊರನೆನ್ನುತ್ತದೆ, ಅದಕ್ಕೂ ಎಚ್ಚರಗೊಳ್ಳದವನ ಚೈನು ಒಂದು ದಿನ ತುಂಡಾಗುತ್ತದೆ. ಅತಿಸಡಿಲವೂ ನಿರಪಾಯವಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು: ಜೋಲುವ ಚೈನು ಸ್ವಿಂಗ್ ಆರ್ಮನ್ನು ಹೊಡೆದು ಹೊಡೆದು ಸವೆಸುತ್ತದೆ, ಹಲ್ಲುಗಳ ಮೇಲೆ ಜಿಗಿಯುತ್ತದೆ, ಕಳಚಿಬಿದ್ದು ಗಾಲಿಗೆ ಸುತ್ತಿಕೊಂಡರೆ ಸವಾರನನ್ನೇ ನೆಲಕ್ಕೆ ಕೆಡವುತ್ತದೆ. ಆದರೆ ಸಡಿಲವಾದ ಚೈನು ಬಹಳ ಹಿಂದಿನಿಂದಲೇ ಸದ್ದುಮಾಡಿ ಎಚ್ಚರಿಸುತ್ತದೆ. ಬಿಗಿಯಾದ ಚೈನು ಸೀಲೋ ಬೇರಿಂಗೋ ಕೆಡುವ ತನಕ ಏನನ್ನೂ ಹೇಳುವುದಿಲ್ಲ. ಎರಡು ದೋಷಗಳಲ್ಲಿ ಯಾವುದು ಹೆಚ್ಚು ಭಯಂಕರವೆಂಬುದನ್ನು ಇದರಿಂದಲೇ ಊಹಿಸಬಹುದು.

ಇನ್ನು ಅಳೆಯುವ ಕ್ರಮ. ಎಂಜಿನ್ನನ್ನು ಆರಿಸಿ, ಗಾಡಿಯನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹಿಂದಿನ ಗಾಲಿಯನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು; ಎಂಜಿನ್ ಓಡುತ್ತಿರುವಾಗ ಚೈನಿನ ಬಳಿ ಬೆರಳಿಡುವುದು ಬೆರಳಿನ ಮೇಲಿನ ಮಮತೆಯನ್ನು ತೊರೆದವರಿಗೆ ಮಾತ್ರ ತಕ್ಕ ಕಾರ್ಯ. ಚೈನು ಎಲ್ಲೆಡೆಯೂ ಸಮವಾಗಿ ಸವೆಯುವುದಿಲ್ಲವಾದ್ದರಿಂದ ಒಂದು ಸುತ್ತಿನಲ್ಲಿ ಒಂದು ಕಡೆ ಬಿಗಿಯಾಗಿಯೂ ಇನ್ನೊಂದು ಕಡೆ ಸಡಿಲವಾಗಿಯೂ ಕಾಣುತ್ತದೆ. ಅಳೆಯತಕ್ಕದ್ದು ಅತ್ಯಂತ ಬಿಗಿಯಾದ ಜಾಗದಲ್ಲಿ. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ, ಚೈನಿನ ಕೆಳಗಿನ ಎಳೆಯನ್ನು ಬೆರಳಿನಿಂದ ಕೆಳಕ್ಕೊತ್ತಿ ಮೇಲಕ್ಕೆತ್ತಿ, ಒಂದೇ ಕೊಂಡಿಯು ಈ ಕೊನೆಯಿಂದ ಆ ಕೊನೆಯವರೆಗೆ ಎಷ್ಟು ಚಲಿಸಿತೆಂಬುದನ್ನು ಸ್ಕೇಲಿನಿಂದ ಅಳೆದರೆ ಅದೇ ಸಡಿಲದ ಪ್ರಮಾಣ. ಚೈನನ್ನು ಪೂರ್ತಿಯಾಗಿ ಮುಚ್ಚುವ ಕವರಿರುವ ಗಾಡಿಗಳಲ್ಲಿ ಅದರಲ್ಲಿರುವ ರಬ್ಬರಿನ ಮುಚ್ಚಳವನ್ನು ತೆಗೆದು ಆ ಕಿಂಡಿಯಿಂದಲೇ ನೋಡಬೇಕು. ಅಳೆಯುವಾಗ ಗಾಡಿಯು ಸ್ಟ್ಯಾಂಡಿನ ಮೇಲಿರಬೇಕೋ ನೆಲದ ಮೇಲಿರಬೇಕೋ ಎಂಬುದನ್ನು ಗಾಡಿಯೊಡನೆ ಬಂದ ಪುಸ್ತಕವು ಹೇಳುತ್ತದೆ; ಒಂದು ಸ್ಥಿತಿಗೆ ಕೊಟ್ಟ ಅಂಕಿಯನ್ನು ಇನ್ನೊಂದು ಸ್ಥಿತಿಗೆ ಅನ್ವಯಿಸಿದರೆ ಅಳೆದದ್ದೂ ವ್ಯರ್ಥ.

ಪುಸ್ತಕವು ಕಳೆದುಹೋದ ಗಾಡಿಗಳಿಗೂ, ಪುಸ್ತಕದ ಅಂಕಿಯಲ್ಲಿ ಪೂರ್ಣ ವಿಶ್ವಾಸವಿಲ್ಲದ ನನ್ನಂಥವರಿಗೂ ಒಂದು ಖಚಿತವಾದ ಉಪಾಯವಿದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟನ್ನು ಬಿಚ್ಚಿ, ಗಾಲಿಯನ್ನು ಕೈಯಿಂದ ಮೇಲಕ್ಕೆತ್ತುತ್ತ, ಹಿಂದೆ ಹೇಳಿದ ಮೂರು ಬಿಂದುಗಳು ಒಂದು ದಾರದ ಕೆಳಗೆ ನೇರವಾಗಿ ಬರುವಂತೆ ಮಾಡಿ, ಆ ಸ್ಥಿತಿಯಲ್ಲಿ ಚೈನು ಬೆರಳಿಗೆ ತುಸುವೇ ಅಲುಗಾಡುವಷ್ಟು ಸಡಿಲವನ್ನು ಇಟ್ಟು, ಬಳಿಕ ಬೋಲ್ಟನ್ನು ಹಾಕಿ, ಗಾಡಿಯು ಸ್ಟ್ಯಾಂಡಿನ ಮೇಲಿರುವಾಗ ಚೈನು ಎಷ್ಟು ಆಡುತ್ತದೆಂಬುದನ್ನು ಅಳೆದುಕೊಂಡರೆ, ಆ ಅಂಕಿಯು ಆ ಗಾಡಿಯ ಶಾಶ್ವತವಾದ ಅಂಕಿ. ಮೇಲೆ ಒಬ್ಬರು ಕುಳಿತರೂ ಮೂವರು ಕುಳಿತರೂ, ಹೊಟ್ಟಿನ ಪಿಂಡಿ ಹೇರಿದರೂ ಬಿಟ್ಟರೂ ಈ ಅಂಕಿಯು ಬದಲಾಗಬೇಕಾಗಿಲ್ಲ. ಹೊರೆಯು ಗಾಲಿಯನ್ನು ಆ ಸರಳರೇಖೆಯ ಹತ್ತಿರಕ್ಕೆ ಒಯ್ಯುತ್ತದೆಯೇ ಹೊರತು ರೇಖೆಯನ್ನೇ ಬದಲಿಸಲಾರದು. ಗೆಳೆಯನೊಬ್ಬನನ್ನು ಸೀಟಿನ ಮೇಲೆ ಕೂರಿಸಿ ಸಡಿಲವನ್ನು ನೋಡುವ ರೂಢಿಯು ಏನೂ ಮಾಡದಿರುವುದಕ್ಕಿಂತ ಉತ್ತಮವಾದರೂ, ಗೆಳೆಯನು ಕೃಶಕಾಯನಾಗಿದ್ದ ಪಕ್ಷದಲ್ಲಿ ಮೋಸವಾಗುವ ಸಂಭವವುಂಟು.

ಸರಿಪಡಿಸುವ ಕೆಲಸಕ್ಕೆ ಎರಡು ರಿಂಗ್ ಸ್ಪ್ಯಾನರುಗಳೂ ಒಂದಿಷ್ಟು ತಾಳ್ಮೆಯೂ ಸಾಕು. ಆಕ್ಸಲ್ ನಟ್ಟನ್ನು ಸಡಿಲಿಸಿ, ಎರಡು ಕಡೆಯ ಅಡ್ಜಸ್ಟರುಗಳ ಲಾಕ್ ನಟ್ಟುಗಳನ್ನು ಬಿಟ್ಟು, ಅಡ್ಜಸ್ಟರುಗಳನ್ನು ಸಮಸಮವಾಗಿ ತಿರುಗಿಸಬೇಕು. ಆರು ಮುಖದ ನಟ್ಟಿನಲ್ಲಿ ಒಂದು ಮುಖದಷ್ಟೇ ಒಂದು ಸಲಕ್ಕೆ ಸಾಕು. ಏಕೆಂದರೆ ಆಕ್ಸಲ್ಲು ಮಿಲಿಮೀಟರಿನ ಕೆಲವೇ ಅಂಶಗಳಷ್ಟು ಹಿಂದೆ ಸರಿದರೂ ಚೈನಿನ ಸಡಿಲವು ಅನೇಕ ಮಿಲಿಮೀಟರುಗಳಷ್ಟು ಕುಗ್ಗುತ್ತದೆ. ಹಳೆಯ ಬುಲೆಟ್ಟುಗಳಲ್ಲಿ ಬೋಲ್ಟಿನ ಬದಲು ಬಸವನಹುಳುವಿನ ಚಿಪ್ಪಿನಾಕಾರದ ಕ್ಯಾಮುಗಳಿದ್ದು, ಎರಡನ್ನೂ ಒಂದೇ ಕಚ್ಚಿಗೆ ತಂದರೆ ಕೆಲಸ ಮುಗಿಯುತ್ತಿತ್ತು. ಸರಳತೆಯಲ್ಲಿ ಅದನ್ನು ಮೀರಿಸಿದ ಏರ್ಪಾಡನ್ನು ನಾನು ಕಂಡಿಲ್ಲ. ಸ್ವಿಂಗ್ ಆರ್ಮಿನ ಮೇಲೆ ಕೊರೆದಿರುವ ಗೆರೆಗಳನ್ನು ಕಣ್ಣುಮುಚ್ಚಿ ನಂಬದೆ, ಕೀಲಿನಿಂದ ಆಕ್ಸಲ್ಲಿನವರೆಗೆ ಎರಡು ಪಕ್ಕದಲ್ಲಿಯೂ ಅಳೆದು, ಹಿಂದೆ ಕುಳಿತು ಚೈನಿನ ಮೇಲೆ ಕಣ್ಣೋಡಿಸಿ, ಅದು ಎರಡು ಸ್ಪ್ರಾಕೆಟ್ಟುಗಳ ನಡುವೆ ಓರೆಯಾಗದೆ ಸಾಗಿದೆಯೇ ಎಂದು ಪರೀಕ್ಷಿಸುವುದು ವಿವೇಕ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಹಾಸಿನ ಎಳೆಗಳು ಒಂದು ಬದಿಯಲ್ಲಿ ಬಿಗಿದು ಇನ್ನೊಂದು ಬದಿಯಲ್ಲಿ ಜೋತರೆ ಅಂಚು ವಕ್ರವಾಗುವಂತೆಯೇ, ಒಂದು ಕಡೆಯ ಅಡ್ಜಸ್ಟರು ಮುಂದಾಗಿ ಇನ್ನೊಂದು ಹಿಂದಾದರೆ ಗಾಲಿಯು ಓರೆಯಾಗಿ ನಿಂತು ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಒಂದು ಮಗ್ಗುಲಿನಿಂದ ತಿನ್ನುತ್ತದೆ.

ಆಕ್ಸಲ್ ನಟ್ಟನ್ನು ಬಿಗಿಯುವಾಗ ಒಂದು ಕೈಚಳಕವುಂಟು. ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆಯ ಸುರುಳಿಯೊಂದನ್ನಿಟ್ಟು ಗಾಲಿಯನ್ನು ಹಿಂದಕ್ಕೆ ತುಸು ತಿರುಗಿಸಿದರೆ, ಆಕ್ಸಲ್ಲು ಅಡ್ಜಸ್ಟರುಗಳಿಗೆ ಒತ್ತಿಕೊಂಡು ಅಲುಗದೆ ನಿಲ್ಲುತ್ತದೆ. ಆಗ ನಟ್ಟನ್ನು ಪುಸ್ತಕದಲ್ಲಿ ಹೇಳಿದ ಬಲಕ್ಕೆ ಬಿಗಿದು, ಬಟ್ಟೆಯನ್ನು ತೆಗೆದು, ಸಡಿಲವನ್ನು ಮತ್ತೊಮ್ಮೆ ಅಳೆಯಬೇಕು. ಬಿಗಿಯುವಾಗ ಅಳತೆಯು ಸರಿದುಹೋಗುವುದು ಅಪರೂಪವಲ್ಲ. ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಗಾಲಿಯು ಹಿಂದಕ್ಕೆ ಸರಿದೊಡನೆ ಬ್ರೇಕ್ ರಾಡು ಎಳೆದಂತಾಗಿ ಪೆಡಲಿನ ಆಟ ಬದಲಾಗುವುದರಿಂದ ಅದನ್ನೂ ಆಗಲೇ ಸರಿಮಾಡಿಕೊಳ್ಳತಕ್ಕದ್ದು. ಚೈನಿಗೆ ಕ್ಲಿಪ್ಪಿನ ಲಾಕ್ ಇದ್ದರೆ ಅದರ ಮುಚ್ಚಿದ ತುದಿಯು ಚೈನು ಚಲಿಸುವ ದಿಕ್ಕಿಗೆ ಮುಖಮಾಡಿರಬೇಕು. ತಿರುಗುಮುರುಗಾಗಿ ಹಾಕಿದ ಕ್ಲಿಪ್ಪನ್ನು ಕಾರೆಯ ಮುಳ್ಳುಕಂಟಿಯೊಂದು ಕಿತ್ತುಕೊಂಡು ಹೋಗಬಲ್ಲದು.

ಇಷ್ಟೆಲ್ಲ ಮಾಡಿದ ಮೇಲೆಯೂ ಚೈನು ಮತ್ತೆ ಸಡಿಲವಾಗುವುದೇಕೆ? ಉಕ್ಕು ರಬ್ಬರಿನಂತೆ ಹಿಗ್ಗುತ್ತದೆಂಬ ಸಾಮಾನ್ಯ ಭಾವನೆಯು ಸರಿಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಬುಷ್-ರೋಲರ್ ಚೈನಿನ ರಚನೆಯೇ ಇಂದಿಗೂ ನಮ್ಮ ಗಾಡಿಗಳಲ್ಲಿದೆ: ಪ್ರತಿಯೊಂದು ಕೊಂಡಿಯಲ್ಲಿ ಒಂದು ಪಿನ್ನು, ಅದರ ಸುತ್ತ ಬುಷ್ಷು, ಅದರ ಸುತ್ತ ತಿರುಗುವ ರೋಲರು. ಪಿನ್ನೂ ಬುಷ್ಷೂ ಒಂದಕ್ಕೊಂದು ಉಜ್ಜಿ ಸವೆದಂತೆ ಪ್ರತಿ ಕೊಂಡಿಯೂ ಕೂದಲೆಳೆಯಷ್ಟು ಉದ್ದವಾಗುತ್ತದೆ. ನೂರಿಪ್ಪತ್ತು ಕೊಂಡಿಗಳ ಚೈನಿನಲ್ಲಿ ಕೊಂಡಿಗೆ 0.1 ಮಿಲಿಮೀಟರು ಸವೆದರೆ ಒಟ್ಟು 12 ಮಿಲಿಮೀಟರು ಹೆಚ್ಚಿದಂತಾಯಿತು. ಸಣ್ಣ ಗಾಡಿಗಳ 428 ನಂಬರಿನ ಚೈನಿನಲ್ಲಿ ಇಪ್ಪತ್ತು ಕೊಂಡಿಗಳ ಉದ್ದವು ಹೊಸದರಲ್ಲಿ 254 ಮಿಲಿಮೀಟರು, 520 ನಂಬರಿನದರಲ್ಲಿ 317.5 ಮಿಲಿಮೀಟರು. ಇದು ನೂರಕ್ಕೆ ಸುಮಾರು ಎರಡರಷ್ಟು ಬೆಳೆದಾಗ, ಅಂದರೆ ಮೊದಲನೆಯದು 259ನ್ನೂ ಎರಡನೆಯದು 323ನ್ನೂ ದಾಟುವ ಹೊತ್ತಿಗೆ, ಅಡ್ಜಸ್ಟರಿನಲ್ಲಿ ಇನ್ನೂ ಜಾಗವಿದ್ದರೂ ಚೈನಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಅದರೊಡನೆ ಎರಡು ಸ್ಪ್ರಾಕೆಟ್ಟುಗಳನ್ನೂ ಬದಲಿಸುವುದು ದುಂದುಗಾರಿಕೆಯಲ್ಲ. ಕೊಕ್ಕೆಯಂತೆ ಬಾಗಿದ ಹಳೆಯ ಹಲ್ಲುಗಳು ಹೊಸ ಚೈನನ್ನು ಬಲುಬೇಗ ತಮ್ಮ ಅವಸ್ಥೆಗೇ ಇಳಿಸಿಕೊಳ್ಳುತ್ತವೆ.

ಈ ಸವೆತವನ್ನು ನಮ್ಮ ಸೀಮೆಯ ಧೂಳು ಶೀಘ್ರಗೊಳಿಸುತ್ತದೆ. ಬೆಣಚುಕಲ್ಲಿನ ಪುಡಿಯು ಎಣ್ಣೆಯೊಡನೆ ಬೆರೆತರೆ ಸಾಣೆಯ ಲೇಪವೇ ಸಿದ್ಧವಾದಂತೆ. ಚಳ್ಳಕೆರೆಯು ಎಣ್ಣೆ ಗಿರಣಿಗಳಿಂದ ಹೆಸರಾದ ಊರಾದರೂ ಚೈನಿಗೆ ಎಣ್ಣೆ ಹಾಕುವುದರಲ್ಲಿ ಮಿತವ್ಯಯವೇ ಶ್ರೇಯಸ್ಕರ. ಅಡಿಗೆಯ ಎಣ್ಣೆಯಂತೂ ದಿನಕಳೆದಂತೆ ಜಿಗುಟಾಗಿ ಧೂಳನ್ನು ಕರೆದು ಕೂರಿಸಿಕೊಳ್ಳುವುದರಿಂದ ಸರ್ವಥಾ ವರ್ಜ್ಯ. ಸೀಮೆಎಣ್ಣೆಯಲ್ಲಿ ನೆನೆಸಿದ ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒರಸಿ, ಗಾಡಿ ಓಡಿ ಚೈನು ಬೆಚ್ಚಗಿರುವಾಗ 90 ನಂಬರಿನ ಗೇರ್ ಆಯಿಲನ್ನು ಕೆಳಗಿನ ಎಳೆಯ ಒಳಮಗ್ಗುಲಿಗೆ ತೆಳುವಾಗಿ ಹಚ್ಚಿ, ಹೆಚ್ಚಾದುದನ್ನು ಒರಸಿ ತೆಗೆದರೆ ಸಾಕು. ಓ-ರಿಂಗ್ ಚೈನುಗಳಿಗೆ ಪೆಟ್ರೋಲನ್ನಾಗಲಿ ತಂತಿಯ ಬ್ರಷ್ಷನ್ನಾಗಲಿ ಸೋಕಿಸಬಾರದು. ಅವುಗಳಲ್ಲಿ ಪಿನ್ನಿನೊಳಗಣ ಗ್ರೀಸನ್ನು ಕಾಯುವ ರಬ್ಬರಿನ ಉಂಗುರಗಳು ಅದರಿಂದ ಕೆಡುತ್ತವೆ. 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ 1996ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಗಾಡಿಗಳಲ್ಲಿ ಚೈನನ್ನು ತಗಡಿನ ಪೆಟ್ಟಿಗೆಯಲ್ಲಿಯೂ ರಬ್ಬರಿನ ನಳಿಗೆಗಳಲ್ಲಿಯೂ ಸಂಪೂರ್ಣವಾಗಿ ಹುದುಗಿಸಿದ್ದರು. ಈಗಿನ ಸಾಹಸದ ಗಾಡಿಗಳು ಅಂದಕ್ಕಾಗಿಯೂ ಹಗುರಕ್ಕಾಗಿಯೂ ಚೈನನ್ನು ಬಟ್ಟಬಯಲಿಗಿಟ್ಟಿವೆ. ಧೂಳಿನ ಸೀಮೆಯವನಾದ ನಾನು ಈ ವಿಷಯದಲ್ಲಿ ಹಿಂದಿನವರ ಪಕ್ಷ.

ಗಾಡಿ ಸಿದ್ಧವಾಯಿತೆಂದು ಕಾವಲಿನ ಹುಲ್ಲಿನ ಮೇಲೆಲ್ಲ ಹಾಯಿಸುವ ಹಕ್ಕು ಯಾರಿಗೂ ಬರುವುದಿಲ್ಲವೆಂಬುದನ್ನೂ ಸೇರಿಸಬೇಕು. ಮೈಸೂರು ಅರಸರ ಕಾಲದ ಅಮೃತಮಹಲ್ ದನಗಳ ಕಾವಲುಗಳಲ್ಲಿ ಕುದಾಪುರ, ಉಳ್ಳಾರ್ತಿ, ವರವು ಕಡೆಯ ವಿಶಾಲವಾದ ಭಾಗಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಂದು ಗೋಡೆಯೊಳಗಾಗಿವೆ. ಉಳಿದ ಹುಲ್ಲುಗಾವಲು ದನಕುರಿಗಳದು, ಕೃಷ್ಣಮೃಗಗಳದು. ಬಂಡಿಯ ಹಳೆಯ ಜಾಡನ್ನು ಬಿಟ್ಟು ಹೊಸ ಜಾಡನ್ನು ಮಾಡದಿರುವುದು ಸವಾರನ ಸಭ್ಯತೆ.

ಡಾಂಬರಿನ ಮೇಲೆ 500 ಕಿಲೋಮೀಟರಿಗೊಮ್ಮೆ, ಮರಳಿನಲ್ಲೋ ನೊರಜಿನಲ್ಲೋ ಅಲೆದ ದಿನ ಅಂದಂದೇ ಸಡಿಲವನ್ನು ನೋಡುವುದು ಒಳ್ಳೆಯ ಪದ್ಧತಿ. ಮೇಲೆ ಹೇಳಿದ ರೀತಿಯಲ್ಲಿ ಕಂಡುಕೊಂಡ ನಿಮ್ಮ ಗಾಡಿಯ ಅಂಕಿಯನ್ನು ಸ್ವಿಂಗ್ ಆರ್ಮಿನ ಒಳಮಗ್ಗುಲಿಗೆ ಬಣ್ಣದಿಂದ ಬರೆದಿಡಿ. ಗಾಡಿಯನ್ನು ಯಾರ ಕೈಗೆ ಕೊಟ್ಟರೂ ಮೊದಲು ಅದನ್ನು ತೋರಿಸಿ, ಅಷ್ಟೇ ಸಡಿಲವನ್ನು ಇಡಿಸಿ. ಹತ್ತು ನಿಮಿಷಗಳ ಈ ಕೆಲಸಕ್ಕೆ ಖರ್ಚೇನೂ ಇಲ್ಲ. ಇದನ್ನು ಬಿಟ್ಟದ್ದರಿಂದ ಕೆಟ್ಟ ಶಾಫ್ಟಿನ ಬೇರಿಂಗನ್ನು ಬದಲಿಸಲು ಎಂಜಿನ್ನಿನ ಹೊಟ್ಟೆಯನ್ನೇ ಬಿಚ್ಚಬೇಕಾಗುತ್ತದೆ. ಯಾವುದು ಲಾಭವೆಂದು ನಿರ್ಣಯಿಸಲು ಶೇಂಗಾ ಮಾರಿ ಬಲ್ಲ ಈ ಸೀಮೆಯವರಿಗೆ ಅಂಕಣಕಾರನ ನೆರವು ಬೇಕಾಗಿಲ್ಲ.